ಚೆಸ್ ಲ್ಯಾಡರ್‌ನಲ್ಲಿ ಮೇಲೇರಲು 9 ಸೂತ್ರಗಳು

ದಿನಾ ರಾತ್ರಿ ಮೊಬೈಲ್ ಹಿಡಿದು ಸಾಲಾಗಿ ಬ್ಲಿಟ್ಜ್ ಆಡುತ್ತೀರಿ. ರೇಟಿಂಗ್ 1450 ಮುಟ್ಟುತ್ತದೆ, ಮರುದಿನ ಮತ್ತೆ 1400ಕ್ಕೆ ಬಂದು ಕೂರುತ್ತದೆ. ಎದುರಾಳಿಯನ್ನು ಆರಿಸುವುದು ಸರ್ವರ್. ನಿಮ್ಮ ಕೈಯಲ್ಲಿ ಏನೂ ಇಲ್ಲ. ಇದರಿಂದ ಹೊರಬನ್ನಿ. ಒಂದು ಲ್ಯಾಡರ್ ಸೇರಿ.

ಲ್ಯಾಡರ್ ಅಂದರೆ ಆಟಗಾರರ ಸಾಲುಪಟ್ಟಿ. ತುದಿಯಲ್ಲಿ ನಂಬರ್ 1, ಕೆಳಗೆ 2, 3, ಹೀಗೆ. ಮೇಲಿರುವವರಿಗೆ ನೀವೇ ಚಾಲೆಂಜ್ ಕಳಿಸುತ್ತೀರಿ. ಗೆದ್ದರೆ ಅವರ ಮೆಟ್ಟಿಲು ನಿಮ್ಮದು. ಕಾಲೇಜಿನ ಚೆಸ್ ಕ್ಲಬ್ಬು, ಆಫೀಸಿನ ವಾಟ್ಸಾಪ್ ಗ್ರೂಪು, ಲಿಚೆಸ್‌ನ ಟೀಮು, ಎಲ್ಲಿ ಬೇಕಾದರೂ ನಡೆಸಬಹುದು. ಲೆಕ್ಕ ಇಡಲು ಒಂದು ಸ್ಪ್ರೆಡ್‌ಶೀಟ್ ಸಾಕು. ಮೇಲೇರಲು ಮಾತ್ರ ಪ್ಲಾನ್ ಬೇಕು.

1. ರೂಲ್ಸ್ ಪೂರ್ತಿ ಓದಿ

ಸೇರಿದ ದಿನವೇ ಓದಿ. ಒಂದೊಂದು ಲ್ಯಾಡರ್‌ಗೂ ಒಂದೊಂದು ಪದ್ಧತಿ. ಎಷ್ಟು ಮೆಟ್ಟಿಲು ಮೇಲಿನವರನ್ನು ಕರೆಯಬಹುದು? ಚಾಲೆಂಜ್‌ಗೆ ಎಷ್ಟು ದಿನದೊಳಗೆ ಉತ್ತರ ಕೊಡಬೇಕು? ಡ್ರಾ ಆದರೆ ಏನು? ಸೋತ ಮೇಲೆ ಅದೇ ವ್ಯಕ್ತಿಯನ್ನು ಮತ್ತೆ ಕರೆಯಲು ಎಷ್ಟು ಕಾಯಬೇಕು? ಉತ್ತರ ಬರೆದಿಟ್ಟುಕೊಳ್ಳಿ.

ಇನ್ನೊಂದು ಪ್ರಶ್ನೆ ಕೇಳಲು ಹೆಚ್ಚಿನವರು ಮರೆಯುತ್ತಾರೆ: ಗೆದ್ದಾಗ ಜಾಗ ಬದಲಾಗುವುದು ಹೇಗೆ? ನೀವು 18ರಲ್ಲಿದ್ದು 14ರವರನ್ನು ಸೋಲಿಸಿದಿರಿ ಅನ್ನಿ. ಕೆಲವು ಲ್ಯಾಡರ್‌ಗಳಲ್ಲಿ ಇಬ್ಬರ ಜಾಗವೂ ಅದಲು ಬದಲು. ಅವರು ಸೀದಾ 18ಕ್ಕೆ. ಇನ್ನು ಕೆಲವದರಲ್ಲಿ ನೀವು 14ಕ್ಕೆ ಹೋಗುತ್ತೀರಿ, 14ರಿಂದ 17ರವರೆಗಿನ ನಾಲ್ವರೂ ಒಂದೊಂದು ಮೆಟ್ಟಿಲು ಇಳಿಯುತ್ತಾರೆ. ಮೊದಲನೆಯ ಪದ್ಧತಿಯಲ್ಲಿ ಒಮ್ಮೆಲೇ ನಾಲ್ಕು ಮೆಟ್ಟಿಲು ಬಿದ್ದವರು ಸುಮ್ಮನೆ ಕೂರುವುದಿಲ್ಲ, ಸೇಡಿಗೆ ರೆಡಿಯಾಗಿರಿ. ಎರಡನೆಯದರಲ್ಲಿ ನೀವು ಒಂದೂ ಆಟ ಆಡದೆ ಕೆಳಗಿಳಿಯಬಹುದು. ಪಟ್ಟಿಯನ್ನು ಆಗಾಗ ತೆರೆದು ನೋಡಿ.

2. ಗೆಲುವಿನ ಲೆಕ್ಕ ಹಾಕಿ

30 ಜನರ ಲ್ಯಾಡರ್, ನೀವು ಹೊಸಬರು, ಜಾಗ 30. ಐದು ಮೆಟ್ಟಿಲು ಮೇಲಿನವರೆಗೆ ಕರೆಯಬಹುದಾದರೆ ದಾರಿ ಹೀಗೆ: 25, 20, 15, 10, 5, 1. ಆರೇ ಗೆಲುವು! ಮಿತಿ ಮೂರೇ ಮೆಟ್ಟಿಲಾದರೆ ಹತ್ತು ಗೆಲುವು. ಪಕ್ಕದವರನ್ನಷ್ಟೇ ಕರೆಯುತ್ತಾ ಹೋದರೆ 29. ಸಂಕೋಚಕ್ಕೆ ಬೆಲೆ ಎಷ್ಟು ಎಂದು ಈಗ ಗೊತ್ತಾಯಿತಲ್ಲ?

3. ಮೆಟ್ಟಿಲನ್ನೂ ರೇಟಿಂಗನ್ನೂ ಬೆರೆಸಬೇಡಿ

ಅರ್ಪಾಡ್ ಈಲೋ ರೂಪಿಸಿದ ರೇಟಿಂಗ್ ಪದ್ಧತಿಯನ್ನು ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಅದರ ಲೆಕ್ಕದಲ್ಲಿ ಇಬ್ಬರ ನಡುವೆ 200 ಪಾಯಿಂಟ್ ಅಂತರ ಇದ್ದರೆ ಬಲವಾದವರಿಗೆ 100 ಆಟಕ್ಕೆ ಸುಮಾರು 76 ಅಂಕ ಸಿಗಬೇಕು. ಲಿಚೆಸ್ ಬಳಸುವುದು ಗ್ಲಿಕೋ-2 ಎಂಬ ಪದ್ಧತಿ. ಅಲ್ಲಿ ಎಲ್ಲರ ಆರಂಭವೂ 1500.

ಲ್ಯಾಡರ್‌ಗೆ ಈ ಗಣಿತ ಗೊತ್ತಿಲ್ಲ. ಮೊದಲ ಸ್ಟಾಪಿನಲ್ಲೇ ಬಿಎಂಟಿಸಿ ಬಸ್ ಹತ್ತಿ ಮುಂದಿನ ಸೀಟು ಹಿಡಿದವರ ಹಾಗೆ, ಮೊದಲು ಸೇರಿದವರು ಎಷ್ಟೋ ಸಲ ಮೇಲೇ ಇರುತ್ತಾರೆ. ನಿಮ್ಮ ಅವಕಾಶ ಇರುವುದೇ ಇಲ್ಲಿ.

ನೀವು 18ರಲ್ಲಿದ್ದೀರಿ, ರೇಟಿಂಗ್ 1500. ಮೇಲಿನವರನ್ನು ನೋಡಿ: 17ರಲ್ಲಿ 1720, 16ರಲ್ಲಿ 1480, 15ರಲ್ಲಿ 1650, 14ರಲ್ಲಿ 1510, 13ರಲ್ಲಿ 1790. ಯಾರನ್ನು ಕರೆಯುತ್ತೀರಿ? 14ರವರನ್ನು. ಸರಿಸಮದ ಆಟ, ಲಾಭ ನಾಲ್ಕು ಮೆಟ್ಟಿಲು. 17ರವರನ್ನು ಕರೆದರೆ ಒಂದೇ ಮೆಟ್ಟಿಲಿಗಾಗಿ ನಿಮಗಿಂತ 220 ಪಾಯಿಂಟ್ ಮೇಲಿನವರ ಜೊತೆ ಗುದ್ದಾಡಬೇಕು. ಪಕ್ಕದಲ್ಲಿದ್ದಾರೆ ಎಂದ ಮಾತ್ರಕ್ಕೆ ಸುಲಭ ಅಲ್ಲ.

ಎರಡು ಎಚ್ಚರಿಕೆ. ರ‍್ಯಾಪಿಡ್ ಆಡುವುದಾದರೆ ರ‍್ಯಾಪಿಡ್ ರೇಟಿಂಗೇ ನೋಡಿ, ಬ್ಲಿಟ್ಜ್‌ನದು ಬೇರೆ. ಲಿಚೆಸ್‌ನಲ್ಲಿ ರೇಟಿಂಗ್ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಆ ಸಂಖ್ಯೆ ಇನ್ನೂ ಗಟ್ಟಿಯಾಗಿಲ್ಲ, ನಂಬಬೇಡಿ.

4. ಚಾಲೆಂಜ್ ಇವತ್ತೇ ಕಳಿಸಿ

"ಇನ್ನೊಂದು ಓಪನಿಂಗ್ ಕಲಿತುಕೊಂಡು ಕಳಿಸೋಣ" ಎಂಬುದು ಒಂದು ಚಟ. ಬಿಡಿ. ಸೋತರೆ ನೀವು ಇಳಿಯುವುದಿಲ್ಲ, ಇದ್ದಲ್ಲೇ ಇರುತ್ತೀರಿ. ರಿಸ್ಕ್ ಪೂರ್ತಿ ಮೇಲಿನವರದು. ಹೀಗಿರುವಾಗ ಮೀನಮೇಷ ಎಣಿಸುವುದು ಯಾಕೆ?

ಮೆಸೇಜ್ ನೇರವಾಗಿರಲಿ: "ನಮಸ್ಕಾರ ಸರ್, ಲ್ಯಾಡರ್ ಚಾಲೆಂಜ್. ಶನಿವಾರ ರಾತ್ರಿ 9 ಅಥವಾ ಭಾನುವಾರ ಬೆಳಿಗ್ಗೆ 10. 15+10, ರೇಟೆಡ್. ಯಾವುದು ಅನುಕೂಲ?" ಎರಡು ಸಮಯ ಕೊಟ್ಟರೆ ಒಂದನ್ನು ಆರಿಸಿ ಮುಗಿಸುತ್ತಾರೆ. "ಯಾವಾಗ ಫ್ರೀ ಇರ್ತೀರಾ?" ಎಂದು ಕೇಳಿದರೆ ವಾರ ಕಳೆದರೂ ಉತ್ತರ ಬರುವುದಿಲ್ಲ. 15+10 ಅಂದರೆ ತಲಾ 15 ನಿಮಿಷ, ಪ್ರತಿ ನಡೆಗೂ 10 ಸೆಕೆಂಡ್ ಸೇರ್ಪಡೆ. ಯೋಚಿಸಲು ಸಮಯ ಸಿಗುತ್ತದೆ, ಒಂದು ಸಂಜೆಯಲ್ಲಿ ಮುಗಿಯುತ್ತದೆ.

ಎದುರಾಳಿ ನ್ಯೂಜೆರ್ಸಿಯ ಕನ್ನಡಿಗರಾ? ನಮ್ಮ ಸಂಜೆ 7.30 ಅವರಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 10, ಚಳಿಗಾಲದಲ್ಲಿ 9. ಮಾರ್ಚ್ ಮತ್ತು ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಬದಲಾಗುತ್ತದೆ. ಎರಡೂ ಕಡೆಯ ಸಮಯ ಬರೆದೇ ಕಳಿಸಿ.

5. ಡ್ರಾವನ್ನು ಸೋಲೆಂದೇ ತಿಳಿಯಿರಿ

ಡ್ರಾ ಆದರೆ ಸಾಮಾನ್ಯವಾಗಿ ಮೇಲಿನವರ ಜಾಗ ಅವರಿಗೇ ಉಳಿಯುತ್ತದೆ. ವಿಶ್ವ ಚಾಂಪಿಯನ್‌ಷಿಪ್ ಕೂಡ ಬಹಳ ಕಾಲ ಹೀಗೇ ನಡೆಯಿತು. 1951ರಲ್ಲಿ ಬ್ರಾನ್‌ಸ್ಟೀನ್, 1954ರಲ್ಲಿ ಸ್ಮಿಸ್ಲೋವ್, ಇಬ್ಬರೂ ಬೋಟ್ವಿನ್ನಿಕ್ ಜೊತೆ 12–12 ಸಮ ಮಾಡಿಕೊಂಡರು. ಎರಡು ಸಲವೂ ಪಟ್ಟ ಬೋಟ್ವಿನ್ನಿಕ್ ಬಳಿಯೇ ಉಳಿಯಿತು. 1987ರಲ್ಲಿ ಸ್ಪೇನಿನ ಸೆವಿಲ್‌ನಲ್ಲಿ ಕಾರ್ಪೋವ್ 12–11ರಿಂದ ಮುಂದಿದ್ದರು, ಕೊನೆಯ ಆಟದಲ್ಲಿ ಡ್ರಾ ಸಾಕಿತ್ತು. ಕಾಸ್ಪರೋವ್ ಆ 24ನೇ ಆಟ ಗೆದ್ದರು. 12–12. ಪಟ್ಟ ಕಾಸ್ಪರೋವ್ ಬಳಿಯೇ ಉಳಿಯಿತು! ವಿಶ್ವ ಪಟ್ಟಕ್ಕೆ ಈಗ ಟೈಬ್ರೇಕ್ ಬಂದಿದೆ. ಲ್ಯಾಡರ್‌ನಲ್ಲಿ ಹಳೇ ಕಾನೂನೇ.

ಹಾಗಾಗಿ ಚಾಲೆಂಜರ್ ಆಗಿ ಆಡುವಾಗ ಡ್ರಾ ಆಫರ್ ಮಾಡಬೇಡಿ. ಮೂರು ಸಲ ಒಂದೇ ಪೊಸಿಷನ್ ಬರಲು ಬಿಡಬೇಡಿ. ಕಪ್ಪು ಕಾಯಿ ಬಂದರೆ ಪೆಟ್ರೋಫ್ ಬದಿಗಿಟ್ಟು ಸಿಸಿಲಿಯನ್ ಆಡಿ. ಬೋರ್ಡ್ ಸಮವಾಗಿದ್ದಾಗ ಕ್ವೀನ್ ಬದಲಾಯಿಸಿಕೊಳ್ಳುವ ಆತುರ ಬೇಡ. ಕಾಯಿಗಳು ಉಳಿದಷ್ಟೂ ಗೆಲ್ಲುವ ದಾರಿಗಳು ಉಳಿಯುತ್ತವೆ.

6. ಎದುರಾಳಿಯ ಹಳೇ ಆಟಗಳನ್ನು ಜಾಲಾಡಿ

ಬೋಟ್ವಿನ್ನಿಕ್ 1957ರಲ್ಲಿ ಸ್ಮಿಸ್ಲೋವ್‌ಗೆ ಸೋತರು, 1958ರಲ್ಲಿ ಪಟ್ಟ ವಾಪಸ್ ಪಡೆದರು. 1960ರಲ್ಲಿ ತಾಲ್‌ಗೆ ಸೋತರು, 1961ರಲ್ಲಿ ಮತ್ತೆ ವಾಪಸ್. ಆಗ ವಯಸ್ಸು 49. ಮನೆಯಲ್ಲಿ ಕೂತು ಮಾಡುವ ತಯಾರಿಗೆ ಹೆಸರಾಗಿದ್ದವರು ಅವರು. ನಿಮಗೆ ಆ ಕೆಲಸ ಇನ್ನೂ ಸುಲಭ. ಲಿಚೆಸ್‌ನ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ ಎದುರಾಳಿಯ ಯೂಸರ್‌ನೇಮ್ ಹಾಕಿ. ಯಾವ ಓಪನಿಂಗ್ ಆಡುತ್ತಾರೆ, ಎಲ್ಲಿ ಸೋಲುತ್ತಾರೆ, ಎಲ್ಲ ಕಾಣುತ್ತದೆ.

ಆಮೇಲೆ ಅವರು ಇತ್ತೀಚೆಗೆ ಸೋತ ಆಟಗಳನ್ನು ತೆರೆಯಿರಿ. ಗೆದ್ದವನ್ನು ನೋಡಿ ಹೆದರುವ ಅಗತ್ಯವಿಲ್ಲ. ಪ್ರತಿ ನಡೆಯ ಪಕ್ಕದ ಗಡಿಯಾರ ಗಮನಿಸಿ. 20ನೇ ನಡೆಗೆ ಬರುವಷ್ಟರಲ್ಲಿ ಅವರ ಬಳಿ ಎರಡೇ ನಿಮಿಷ ಉಳಿಯುತ್ತಿದ್ದರೆ, ಪೊಸಿಷನ್ ಜಟಿಲವಾಗಿಡಿ, ನಿಮ್ಮ ಸಮಯ ಉಳಿಸಿಕೊಳ್ಳಿ.

7. ಎಂಜಿನ್ ಆಟ ಮುಗಿದ ಮೇಲೆ

ಆಡುವಾಗ ಸ್ಟಾಕ್‌ಫಿಶ್ ತೆರೆದರೆ ಅಕೌಂಟೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ. ದಿನಕ್ಕೊಂದು ನಡೆಯ ಕರೆಸ್ಪಾಂಡೆನ್ಸ್ ಆಟದಲ್ಲೂ ಲಿಚೆಸ್ ಓಪನಿಂಗ್ ಪುಸ್ತಕಕ್ಕೆ ಒಪ್ಪುತ್ತದೆ, ಎಂಜಿನ್‌ಗೆ ಒಪ್ಪುವುದಿಲ್ಲ.

8. ಕರೆ ಬಂದರೆ ಓಡಬೇಡಿ

ಕಾಪಾಬ್ಲಾಂಕಾ ಚಾಂಪಿಯನ್ ಆಗಿದ್ದಾಗ, 1922ರ ಲಂಡನ್ ನಿಯಮಗಳ ಪ್ರಕಾರ ಸವಾಲು ಹಾಕುವವರು 10,000 ಡಾಲರ್ ಹೊಂದಿಸಬೇಕಿತ್ತು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅವರನ್ನು ಅಲೆಖಿನ್ ಸೋಲಿಸಿದರು. ಆಮೇಲೆ ಕಾಪಾಬ್ಲಾಂಕಾಗೆ ಮರುಪಂದ್ಯ ಸಿಗಲೇ ಇಲ್ಲ. ಸವಾಲು ತಪ್ಪಿಸಿಕೊಳ್ಳುವ ಆ ಸೌಕರ್ಯ ನಿಮಗೆ ಇಲ್ಲ. ಗಡುವಿನೊಳಗೆ ಉತ್ತರ ಕೊಡದಿದ್ದರೆ ಸೋತ ಲೆಕ್ಕ. ತಿಂಗಳುಗಟ್ಟಲೆ ಆಡದೇ ಇರುವವರನ್ನು ಕೆಳಗಿಳಿಸುವ ಲ್ಯಾಡರ್‌ಗಳೂ ಇವೆ. ಸೆಮಿಸ್ಟರ್ ಪರೀಕ್ಷೆ, ನೈಟ್ ಶಿಫ್ಟ್ ಇದ್ದರೆ ಅಡ್ಮಿನ್‌ಗೆ ಮೊದಲೇ ತಿಳಿಸಿ ರಜೆ ಹಾಕಿಸಿ.

ಈಗ ಡ್ರಾ ನಿಮ್ಮ ಪಾಲಿಗೆ ಗೆಲುವು. ಹಾಗೆಂದು ಮೊದಲ ನಡೆಯಿಂದಲೇ ಕಾಯಿ ಬದಲಾಯಿಸುತ್ತಾ ಕೂರಬೇಡಿ, ಅದೂ ಸೋಲಿನ ದಾರಿಯೇ. ನಿಮ್ಮ ಎಂದಿನ ಆಟ ಆಡಿ. ಹೆಚ್ಚು ಎಚ್ಚರ ಬೇಕಾಗಿರುವುದು ಪಟ್ಟಿಯ ಕೊನೆಗೆ ನಿನ್ನೆ ಸೇರಿದ 1900 ರೇಟಿಂಗ್‌ನವರ ಬಗ್ಗೆ. ಇವತ್ತಲ್ಲ ನಾಳೆ ಅವರು ನಿಮ್ಮ ಮೆಟ್ಟಿಲಿಗೆ ಬಂದೇ ಬರುತ್ತಾರೆ.

9. ನಂಬರ್ 1 ಆದ ಮೇಲೆ ಬೋರ್ಡ್ ಬದಲಾಯಿಸಿ

ತುದಿ ತಲುಪಿದವರಿಗೆ ಕರೆಯಲು ಮೇಲೆ ಯಾರೂ ಇಲ್ಲ, ಬಂದವರನ್ನು ಎದುರಿಸುವುದಷ್ಟೇ ಕೆಲಸ. ಆಗ ಫಿಡೆ ರೇಟೆಡ್ ಟೂರ್ನಮೆಂಟಿಗೆ ಹೆಸರು ಕೊಡಿ. ಲ್ಯಾಡರ್ ಫಲಿತಾಂಶ ಅಲ್ಲಿ ಲೆಕ್ಕಕ್ಕಿಲ್ಲ. ಅಖಿಲ ಭಾರತ ಚೆಸ್ ಫೆಡರೇಷನ್‌ನಲ್ಲಿ ನೋಂದಣಿ ಮಾಡಿಸಿ, ಹೊಸದಾಗಿ ಶುರುಮಾಡಿ. 2024ರ ಮಾರ್ಚ್‌ನಿಂದ ಫಿಡೆ ರೇಟಿಂಗ್ ಶುರುವಾಗುವುದೇ 1400ರಿಂದ.

ಹೋಗುವ ಮೊದಲು ಮನೆಯಲ್ಲಿ ಮರದ ಬೋರ್ಡ್ ಹಾಕಿ ಪ್ರಾಕ್ಟೀಸ್ ಮಾಡಿ. ಅಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕು, ಕ್ಲಾಸಿಕಲ್ ಆಟವಾದರೆ ಪ್ರತಿ ನಡೆಯನ್ನೂ ಬರೆಯಬೇಕು. ಮೌಸ್‌ಗೆ ಒಗ್ಗಿದ ಕೈಗೆ ಇದು ಮೊದಲ ಕೆಲವು ಆಟಗಳಲ್ಲಿ ತೊಡಕಾಗುತ್ತದೆ. ಒಬ್ಬ ಗೆಳೆಯನನ್ನು ಎದುರು ಕೂರಿಸಿಕೊಂಡು ಗಡಿಯಾರ ಇಟ್ಟುಕೊಂಡೇ ಆಡಿ.