ಸೂರ್ಯನ ಬಿರುಗಾಳಿಯೂ ಕೊಲಾಬದ ಕಾಂತಸೂಜಿಯೂ

ಸೂರ್ಯನು ನಮಗೆ ಬೆಳಕನ್ನೂ ಶಾಖವನ್ನೂ ಕೊಡುವನೆಂಬುದು ಕೆಳಗಿನ ತರಗತಿಯ ಬಾಲಕರಿಗೂ ವಿದಿತವಾದ ಸಂಗತಿ. ಆದರೆ ಸೂರ್ಯನಿಂದ ನಮ್ಮೆಡೆಗೆ ಬರುವುದು ಇವೆರಡೇ ಅಲ್ಲ. ಕಣ್ಣಿಗೆ ಕಾಣದ, ಮೈಗೆ ತಾಗದ ಒಂದು ಬಗೆಯ ಗಾಳಿಯೂ ಅವನಿಂದ ಹಗಲಿರುಳೆನ್ನದೆ ಬೀಸುತ್ತಲೇ ಇರುತ್ತದೆ. ಒಮ್ಮೊಮ್ಮೆ ಈ ಗಾಳಿಯು ಬಿರುಗಾಳಿಯಾಗುತ್ತದೆ. ಅದು ಮರಗಳನ್ನು ಉರುಳಿಸದು, ಮನೆಯ ಹಂಚುಗಳನ್ನು ಹಾರಿಸದು; ಆದರೆ ಆಕಾಶದಲ್ಲಿರುವ ಕೃತಕ ಉಪಗ್ರಹಗಳನ್ನು ಕೆಡಿಸಬಲ್ಲುದು, ಬಾನುಲಿಯನ್ನು ಮೂಕವಾಗಿಸಬಲ್ಲುದು, ಒಂದು ಪ್ರಾಂತಕ್ಕೇ ಕತ್ತಲೆಯನ್ನು ಕವಿಸಬಲ್ಲುದು.

ಇಂತಹ ಬಿರುಗಾಳಿಗಳಲ್ಲಿ ಅತಿ ಪ್ರಬಲವಾದುವುಗಳಲ್ಲಿ ಒಂದೆಂದು ಪ್ರಪಂಚದ ವಿಜ್ಞಾನಿಗಳೆಲ್ಲ ಹೇಳುವುದು 1859ನೆಯ ಇಸವಿಯ ಬಿರುಗಾಳಿಯನ್ನು. ಅದರ ಅಳತೆಯನ್ನು ಬರೆದಿಟ್ಟ ಸ್ಥಳವು ನಮ್ಮ ನಗರದಲ್ಲಿಯೇ ಇದೆ. ಚೆಂಬೂರಿನಿಂದ ಹಾರ್ಬರ್ ಮಾರ್ಗದ ರೈಲು ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ದಕ್ಷಿಣಕ್ಕೆ ಹೋದರೆ ಸಿಗುವ ಕೊಲಾಬವೇ ಆ ಸ್ಥಳ. ಅಲ್ಲಿ ನಡೆದುದೇನು, ಅದರಿಂದ ಇಂದಿನ ನಮಗೆ ತಿಳಿಯುವುದೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸೌರಮಾರುತವೆಂದರೇನು?

ಸೂರ್ಯನು ಘನವಸ್ತುವಲ್ಲ; ಅತಿ ಉಷ್ಣವಾದ ಅನಿಲದ ಗೋಲ. ಅವನ ಹೊರಗಿನ ಪ್ರಭಾವಲಯದ ಉಷ್ಣತೆ 10 ಲಕ್ಷ ಡಿಗ್ರಿಗೂ ಮೀರಿದುದು. ಅಂತಹ ಕಾವಿನಲ್ಲಿ ಪರಮಾಣುಗಳು ಒಡೆದು ಪ್ರೋಟಾನು, ಎಲೆಕ್ಟ್ರಾನುಗಳೆಂಬ ವಿದ್ಯುದಾವೇಶವುಳ್ಳ ಕಣಗಳಾಗುತ್ತವೆ. ಈ ಕಣಗಳು ಸೆಕೆಂಡಿಗೆ ಸುಮಾರು 400 ಕಿಲೋಮೀಟರು ವೇಗದಿಂದ ಎಲ್ಲ ದಿಕ್ಕುಗಳಿಗೂ ಹರಿಯುತ್ತವೆ. ಇದಕ್ಕೆ ಸೌರಮಾರುತವೆಂದು ಹೆಸರು.

ಸೂರ್ಯನ ಮೈಮೇಲೆ ಆಗಾಗ ಕಪ್ಪು ಕಲೆಗಳು ಕಾಣಿಸಿಕೊಳ್ಳುತ್ತವೆ. ಸುತ್ತಲಿನ ಭಾಗಕ್ಕಿಂತ ಅವುಗಳ ಉಷ್ಣತೆ ಕಡಮೆಯಾದ್ದರಿಂದ ಅವು ಕಪ್ಪಾಗಿ ತೋರುತ್ತವೆ. ಪ್ರತಿಯೊಂದು ದೊಡ್ಡ ಕಲೆಯೂ ಒಂದು ಪ್ರಬಲವಾದ ಅಯಸ್ಕಾಂತವೆಂದೇ ಹೇಳಬಹುದು. ಸುಮಾರು 11 ವರ್ಷಗಳಿಗೊಮ್ಮೆ ಇವುಗಳ ಸಂಖ್ಯೆ ಹೆಚ್ಚಿ, ಮತ್ತೆ ಇಳಿಯುತ್ತದೆ. ಕಲೆಗಳ ಸುತ್ತಲಿನ ಕಾಂತರೇಖೆಗಳು ಹೊಸೆದ ಹಗ್ಗದಂತೆ ತಿರುಚಿಕೊಂಡು, ಕೊನೆಗೆ ಥಟ್ಟನೆ ಸಡಿಲಗೊಂಡಾಗ ಅಗಾಧವಾದ ಶಕ್ತಿಯು ಹೊರಬೀಳುತ್ತದೆ. ಆಗ ಮೂರು ಬಗೆಯ ದೂತರು ಸೂರ್ಯನಿಂದ ಹೊರಡುತ್ತಾರೆ.

ಮೊದಲನೆಯದು ಸೌರಜ್ವಾಲೆಯ ಬೆಳಕು ಮತ್ತು ಕ್ಷಕಿರಣಗಳು. ಇವು 15 ಕೋಟಿ ಕಿಲೋಮೀಟರುಗಳನ್ನು 8 ನಿಮಿಷಗಳಲ್ಲಿ ದಾಟಿ ಬರುತ್ತವೆ. ಎರಡನೆಯದು ಅತಿವೇಗದ ಪ್ರೋಟಾನುಗಳು. ಇವು ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ತಲುಪುತ್ತವೆ. ಮೂರನೆಯದು ಕಾಂತಕ್ಷೇತ್ರವನ್ನು ತನ್ನೊಡನೆ ಹೊತ್ತು ತರುವ ಕಣಗಳ ಮಹಾಮೇಘ. ಅದರ ತೂಕವು ನೂರಾರು ಕೋಟಿ ಟನ್ನು ಇರಬಹುದು. ಅದು ಸಾಮಾನ್ಯವಾಗಿ ಒಂದರಿಂದ ಮೂರು ದಿವಸಗಳಲ್ಲಿ ಭೂಮಿಯನ್ನು ಮುಟ್ಟುತ್ತದೆ.

ಭೂಮಿಯೂ ಒಂದು ದೊಡ್ಡ ಅಯಸ್ಕಾಂತವಾದುದರಿಂದ ಅದರ ಕಾಂತಕ್ಷೇತ್ರವು ನಮಗೊಂದು ಗುರಾಣಿಯಂತೆ ಇರುತ್ತದೆ. ಆದರೆ ಬರುವ ಮೇಘದ ಕಾಂತಕ್ಷೇತ್ರವು ಭೂಮಿಯದಕ್ಕೆ ವಿರುದ್ಧವಾಗಿ ದಕ್ಷಿಣಾಭಿಮುಖವಾಗಿದ್ದರೆ ಎರಡರ ರೇಖೆಗಳೂ ಕೂಡಿಕೊಂಡು, ಗುರಾಣಿಯಲ್ಲಿ ಬಾಗಿಲು ತೆರೆದಂತಾಗುತ್ತದೆ. ಒಳನುಗ್ಗಿದ ಶಕ್ತಿಯಿಂದ ಭೂಮಧ್ಯರೇಖೆಯ ಮೇಲೆ, ಬಹು ಎತ್ತರದಲ್ಲಿ, ಭೂಮಿಯನ್ನು ಸುತ್ತುವರಿದ ಒಂದು ವಿದ್ಯುತ್ಪ್ರವಾಹವು ಬಲಗೊಳ್ಳುತ್ತದೆ. ಇದನ್ನು ವಲಯಪ್ರವಾಹವೆನ್ನುತ್ತಾರೆ. ಈ ಪ್ರವಾಹದ ಕಾಂತಕ್ಷೇತ್ರವು ಭೂಮಿಯ ಕ್ಷೇತ್ರಕ್ಕೆ ಎದುರಾಗಿರುವುದರಿಂದ ನೆಲದ ಮೇಲಿನ ಕಾಂತಬಲವು ಇಳಿಯುತ್ತದೆ. ಎಷ್ಟು ಇಳಿಯಿತೆಂಬುದೇ ಬಿರುಗಾಳಿಯ ಬಲಕ್ಕೆ ಅಳತೆಗೋಲು. ಧ್ರುವಗಳ ಬಳಿಯಲ್ಲಿ ಬೇರೆ ಪ್ರವಾಹಗಳೂ ಬೆರೆತು ಲೆಕ್ಕವನ್ನು ತೊಡಕುಗೊಳಿಸುತ್ತವೆ. ಆದುದರಿಂದ ಈ ಅಳತೆಗೆ ಮುಂಬಯಿಯಂತಹ ಕೆಳ ಅಕ್ಷಾಂಶದ ಊರುಗಳೇ ಹೆಚ್ಚು ಯೋಗ್ಯವಾದುವು.

ಕೊಲಾಬದ ವೇಧಶಾಲೆ

ಈಸ್ಟ್ ಇಂಡಿಯಾ ಕಂಪನಿಯು 1826ರಲ್ಲಿ ಕೊಲಾಬದಲ್ಲಿ ಒಂದು ವೇಧಶಾಲೆಯನ್ನು ಸ್ಥಾಪಿಸಿತು. ಅದರ ಮೊದಲ ಉದ್ದೇಶವು ನಕ್ಷತ್ರಗಳನ್ನು ನೋಡಿ ಹಡಗುಗಳಿಗೆ ಸರಿಯಾದ ಕಾಲವನ್ನು ತಿಳಿಸುವುದಾಗಿದ್ದಿತು. 1841ರಿಂದ ಅಲ್ಲಿ ಭೂಕಾಂತತ್ವದ ಅಳತೆಯೂ ಪ್ರಾರಂಭವಾಯಿತು. ತೂಗುಬಿಟ್ಟ ಅಯಸ್ಕಾಂತವೊಂದು ಎಷ್ಟು ಹೊರಳಿತೆಂಬುದನ್ನು ವೀಕ್ಷಕರು ಕಣ್ಣಿನಿಂದಲೇ ಓದಿ, ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆಯುತ್ತಿದ್ದರು. ಸೂಜಿಯು ಅಸ್ಥಿರವಾಗಿ ಅಲುಗಾಡತೊಡಗಿದರೆ ಕಾಲು ಗಂಟೆಗೊಮ್ಮೆ, ಅಥವಾ 5 ನಿಮಿಷಗಳಿಗೊಮ್ಮೆ ಓದಬೇಕೆಂಬ ಕ್ರಮವಿದ್ದಿತು.

1859ರ ಸೆಪ್ಟೆಂಬರ್ 1ರಂದು ಬೆಳಗ್ಗೆ 11 ಗಂಟೆ ಕಳೆದ ಮೇಲೆ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಖಗೋಳಜ್ಞನು ಸೂರ್ಯನ ಕಲೆಗಳ ಚಿತ್ರವನ್ನು ಬರೆಯುತ್ತಿರುವಾಗ, ಒಂದು ದೊಡ್ಡ ಕಲೆಯ ಗುಂಪಿನ ಮೇಲೆ ಎರಡು ಬೆಳ್ಳನೆಯ ಜ್ಯೋತಿಗಳು ಹೊಳೆದು, ಕೆಲವೇ ನಿಮಿಷಗಳಲ್ಲಿ ಅಡಗಿದುದನ್ನು ಕಂಡನು. ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬನೂ ಬೇರೊಂದು ಸ್ಥಳದಿಂದ ಅದನ್ನೇ ನೋಡಿದನು. ಸುಮಾರು ಹದಿನೇಳೂವರೆ ಗಂಟೆಗಳ ತರುವಾಯ ಬಿರುಗಾಳಿಯು ಭೂಮಿಗೆ ಬಡಿಯಿತು. ಅಷ್ಟು ಹೊತ್ತಿಗೆ ಮುಂಬಯಿಯಲ್ಲಿ ಸೆಪ್ಟೆಂಬರ್ 2ರ ಪೂರ್ವಾಹ್ನವಾಗಿದ್ದಿತು.

ಕೊಲಾಬದ ವೀಕ್ಷಕರು ಆ ದಿನ ಕಂಡುದು ಅಸಾಧಾರಣವಾದುದು. ಕಾಂತಬಲದ ಸಮತಲ ಅಂಶವು ಕೆಲ ಹೊತ್ತಿನಲ್ಲಿಯೇ ಸುಮಾರು 1600 ನ್ಯಾನೊಟೆಸ್ಲಾ ಕುಸಿದು, ಮತ್ತೆ ಏರಿತು. ನಮ್ಮ ಕಡೆ ಈ ಬಲವು ಸುಮಾರು 38 ಸಾವಿರ ನ್ಯಾನೊಟೆಸ್ಲಾ ಇರುವುದರಿಂದ ಇದು ನೂರಕ್ಕೆ ನಾಲ್ಕರಷ್ಟಾಯಿತು. ನಾಲ್ಕೆಂದರೆ ಅಲ್ಪವೆಂದು ಭಾವಿಸಬಾರದು. ಸಾಧಾರಣ ಬಿರುಗಾಳಿಯಲ್ಲಿ ಇಳಿತವು ನೂರು ನ್ಯಾನೊಟೆಸ್ಲಾದ ಆಸುಪಾಸಿನಲ್ಲಿರುತ್ತದೆ. ಇಂಗ್ಲೆಂಡಿನ ವೇಧಶಾಲೆಗಳ ಉಪಕರಣಗಳಲ್ಲಿ ರೇಖೆಯು ಕಾಗದದ ಅಂಚನ್ನೇ ದಾಟಿಹೋಯಿತು. ಕೊಲಾಬದ ಪುಸ್ತಕದಲ್ಲಿ ಮಾತ್ರ ಅಂಕಿಗಳು ಉಳಿದವು.

ಅದೇ ಸಮಯದಲ್ಲಿ ಯೂರೋಪು, ಅಮೆರಿಕಗಳಲ್ಲಿ ತಂತಿವರ್ತಮಾನದ ವ್ಯವಸ್ಥೆಯು ಅಸ್ತವ್ಯಸ್ತವಾಯಿತು. ಅಮೆರಿಕದ ಬಾಸ್ಟನ್ ಮತ್ತು ಪೋರ್ಟ್‌ಲೆಂಡ್ ಊರುಗಳ ತಂತಿ ನೌಕರರು ತಮ್ಮ ಬ್ಯಾಟರಿಗಳನ್ನು ಬಿಚ್ಚಿಟ್ಟು, ತಂತಿಯಲ್ಲಿ ತಾನಾಗಿ ಹುಟ್ಟಿದ ವಿದ್ಯುತ್ತಿನಿಂದಲೇ ಸುಮಾರು ಎರಡು ಗಂಟೆಗಳ ಕಾಲ ಸಂದೇಶಗಳನ್ನು ಕಳುಹಿಸಿದರು. ಕಾಂತಕ್ಷೇತ್ರವು ಬೇಗಬೇಗನೆ ಬದಲಾದರೆ ಸಮೀಪದ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬ ಫ್ಯಾರಡೆಯ ನಿಯಮವನ್ನು ನೀವು ಭೌತಶಾಸ್ತ್ರದ ಪಾಠದಲ್ಲಿ ಓದುತ್ತೀರಿ. ಇಲ್ಲಿ ಆದುದೂ ಅದೇ.

ಕೊಲಾಬದ ಆ ಅಂಕಿಗಳು ಬಹುಕಾಲ ಕಡತಗಳಲ್ಲಿಯೇ ಉಳಿದಿದ್ದುವು. 2003ರಲ್ಲಿ ಮುಂಬಯಿಯ ಭಾರತೀಯ ಭೂಕಾಂತತ್ವ ಸಂಸ್ಥೆಯ ಜಿ. ಎಸ್. ಲಖೀನಾ ಮತ್ತು ಎಸ್. ಅಲೆಕ್ಸ್ ಅವರು ಅಮೆರಿಕ, ಬ್ರೆಜಿಲ್ ದೇಶಗಳ ಇಬ್ಬರು ವಿಜ್ಞಾನಿಗಳೊಡನೆ ಕೂಡಿ ಅವುಗಳನ್ನು ಆಧರಿಸಿ ಒಂದು ಸಂಶೋಧನ ಲೇಖನವನ್ನು ಪ್ರಕಟಿಸಿದರು. ಅಷ್ಟೊಂದು ಇಳಿತಕ್ಕೆ ವಲಯಪ್ರವಾಹವೊಂದೇ ಕಾರಣವೇ, ಬೇರೆ ಪ್ರವಾಹಗಳೂ ಸೇರಿದ್ದುವೇ ಎಂಬ ವಿಷಯದಲ್ಲಿ ವಿದ್ವಾಂಸರೊಳಗೆ ಚರ್ಚೆ ನಡೆದಿದೆ. ಆದರೆ ಚರ್ಚಿಸುವವರೆಲ್ಲರೂ ಕೊಲಾಬದ ಪುಸ್ತಕವನ್ನು ತೆರೆಯಲೇಬೇಕು.

ಮುಂಬಯಿಯ ಆಕಾಶದಲ್ಲಿ ಧ್ರುವಪ್ರಭೆ

1859ರ ಬಿರುಗಾಳಿಯು ನಮ್ಮಲ್ಲಿ ಹಗಲಿನಲ್ಲಿ ಬಂದುದರಿಂದ ಆಕಾಶದಲ್ಲಿ ಏನೂ ಕಾಣಿಸಲಿಲ್ಲ. ಆದರೆ 1872ರ ಫೆಬ್ರವರಿ 4ನೆಯ ಭಾನುವಾರ ರಾತ್ರಿ, ಧ್ರುವಪ್ರದೇಶಗಳಲ್ಲಿ ಮಾತ್ರ ಸಾಮಾನ್ಯವಾಗಿ ಕಾಣುವ ಧ್ರುವಪ್ರಭೆಯು ಮುಂಬಯಿಯಲ್ಲಿ ಕಂಡಿತೆಂದು ಅಂದಿನ ವೃತ್ತಪತ್ರಿಕೆಯು ವರದಿಮಾಡಿತು. ಸಮುದ್ರದಡಿಯ ತಂತಿಯಲ್ಲಿಯೂ ನೆಲದ ಮೇಲಿನ ತಂತಿಗಳಲ್ಲಿಯೂ ಸಂದೇಶಗಳಿಗೆ ಕೆಲವು ಗಂಟೆಗಳ ಕಾಲ ಅಡಚಣೆಯುಂಟಾಯಿತು. 19 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಅಂತಹ ದೃಶ್ಯವು ಅತ್ಯಂತ ವಿರಳ.

ಟ್ರಾಮು ಬಂದಿತು, ಸೂಜಿ ಹೊರಟಿತು

ನಗರದಲ್ಲಿ ವಿದ್ಯುತ್ತಿನ ಟ್ರಾಮುಗಳನ್ನು ಓಡಿಸುವ ಯೋಜನೆಯಾದಾಗ ವೇಧಶಾಲೆಗೆ ಒಂದು ಸಂಕಟವು ಒದಗಿತು. ಟ್ರಾಮಿನ ವಿದ್ಯುತ್ಪ್ರವಾಹವು ಸೂಕ್ಷ್ಮವಾದ ಸೂಜಿಯನ್ನು ಅಲುಗಿಸುವುದು. ಆಮೇಲೆ ಸೂರ್ಯನ ಅಲುಗಾಟ ಯಾವುದು, ಟ್ರಾಮಿನದು ಯಾವುದು ಎಂದು ತಿಳಿಯುವ ಬಗೆಯೆಂತು? ಆಗ ವೇಧಶಾಲೆಯ ಮೊದಲನೆಯ ಭಾರತೀಯ ನಿರ್ದೇಶಕರಾಗಿದ್ದ ಡಾ. ನಾನಾಭಾಯಿ ಮೂಸ್ ಅವರು ಸಮುದ್ರದಾಚೆಯ ಅಲಿಬಾಗನ್ನು ಆರಿಸಿದರು. ಕಬ್ಬಿಣವನ್ನು ದೂರವಿಟ್ಟು, ಅಯಸ್ಕಾಂತಕ್ಕೆ ಸೋಂಕದ ಕಲ್ಲಿನಿಂದ ಅಲ್ಲಿ ಕಟ್ಟಡವು ಎದ್ದಿತು. 1904ರಿಂದ 1906ರ ವರೆಗೆ ಎರಡೂ ಕಡೆಗಳಲ್ಲಿ ಏಕಕಾಲಕ್ಕೆ ಅಳತೆಗಳನ್ನು ತೆಗೆದು, ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಸಂಬಂಧವು ತಪ್ಪದಂತೆ ನೋಡಿಕೊಂಡರು. 1907ರಲ್ಲಿ ವಿದ್ಯುತ್ ಟ್ರಾಮು ಬಂದಿತು. 1964ರಲ್ಲಿ ಅದು ನಿಂತೂಹೋಯಿತು. ಅಲಿಬಾಗಿನ ಅಳತೆಯು ನಿಲ್ಲದೆ ಇಂದಿಗೂ ನಡೆಯುತ್ತಿದೆ.

ಇಂದು ಅಂತಹ ಬಿರುಗಾಳಿ ಬಂದರೆ?

1859ರಲ್ಲಿ ಕೆಡಬಹುದಾಗಿದ್ದುದು ತಂತಿವರ್ತಮಾನ ಮಾತ್ರ. ಇಂದು ನಮ್ಮ ಜೀವನವು ಉಪಗ್ರಹಗಳಿಗೂ ವಿದ್ಯುತ್ತಿಗೂ ಹೆಣೆದುಕೊಂಡಿದೆ. ಹಾನಿಯ ದಾರಿಗಳನ್ನು ಒಂದೊಂದಾಗಿ ತಿಳಿಯೋಣ.

ಮೊದಲು ಬಾನುಲಿ. ಸೌರಜ್ವಾಲೆಯ ಕ್ಷಕಿರಣಗಳು ಅಯಾನುಮಂಡಲದ ಕೆಳಪದರವನ್ನು ದಟ್ಟವಾಗಿಸುತ್ತವೆ. ಆಗ ಹ್ರಸ್ವತರಂಗಗಳು ಮೇಲಕ್ಕೆ ಹೋಗಿ ಪ್ರತಿಫಲಿಸುವ ಬದಲು ಅಲ್ಲಿಯೇ ಹೀರಲ್ಪಡುತ್ತವೆ. ಹಗಲಿರುವ ಅರ್ಧಗೋಲದಲ್ಲಿ ದೂರದ ಹಡಗು, ವಿಮಾನಗಳೊಡನೆ ಈ ತರಂಗಗಳ ಮೂಲಕ ನಡೆಯುವ ಮಾತುಕತೆ ಕಡಿದುಬೀಳುತ್ತದೆ.

ಎರಡನೆಯದು ಉಪಗ್ರಹ. ವೇಗದ ಕಣಗಳು ಅದರ ಗಣಕಯಂತ್ರದ ಸ್ಮೃತಿಯನ್ನು ಕೆಡಿಸುತ್ತವೆ, ಸೌರಫಲಕಗಳನ್ನು ಸವೆಸುತ್ತವೆ. ಮೈಮೇಲೆ ವಿದ್ಯುದಾವೇಶವು ಕೂಡಿಕೊಂಡು ಕಿಡಿ ಹಾರುವುದೂ ಉಂಟು. ಅಲ್ಲದೆ ಬಿರುಗಾಳಿಯ ಕಾವಿಗೆ ಮೇಲಿನ ವಾಯುಮಂಡಲವು ಉಬ್ಬುತ್ತದೆ; ಕೆಳಗಿನ ಕಕ್ಷೆಗಳಲ್ಲಿರುವ ಉಪಗ್ರಹಗಳಿಗೆ ಗಾಳಿಯ ತಡೆ ಹೆಚ್ಚಿ ಅವು ಕೆಳಗಿಳಿಯುತ್ತವೆ. 2022ರ ಫೆಬ್ರವರಿ 3ರಂದು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯು ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಹೀಗೆಯೇ ನಾಶವಾದುವು. ಆಗ ಬೀಸಿದ ಬಿರುಗಾಳಿಯು ದೊಡ್ಡದೇನೂ ಆಗಿರಲಿಲ್ಲ.

ಮೂರನೆಯದು ಸ್ಥಾನನಿರ್ಣಯ. ಉಪಗ್ರಹದಿಂದ ಬರುವ ಸಂಕೇತವು ಕೆರಳಿದ ಅಯಾನುಮಂಡಲವನ್ನು ದಾಟುವಾಗ ತಡವಾಗುತ್ತದೆ, ನಡುಗುತ್ತದೆ. ಮೊಬೈಲಿನ ನಕ್ಷೆಯಲ್ಲಿ ನಿಮ್ಮ ಮನೆಯು ಪಕ್ಕದ ಬೀದಿಗೆ ಸರಿದರೆ ನಷ್ಟವಿಲ್ಲ. ಸಮುದ್ರದಲ್ಲಿರುವ ನಾವಿಕನಿಗೂ ಇಳಿಯುತ್ತಿರುವ ವಿಮಾನಕ್ಕೂ ಅದು ಸಣ್ಣ ಮಾತಲ್ಲ.

ನಾಲ್ಕನೆಯದು ವಿದ್ಯುತ್ತಿನ ಜಾಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನರು 9 ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕಳೆದರು. ನಮ್ಮ ದೇಶವು ಧ್ರುವದಿಂದ ದೂರವಿರುವ ಕಾರಣ ಈ ಬಗೆಯ ಅಪಾಯವು ಇಲ್ಲಿ ಕಡಮೆ. ಇಂಟರ್‌ನೆಟ್ಟಿನ ಸಮುದ್ರಗರ್ಭದ ಕೇಬಲುಗಳು ಹಲವು ಮುಂಬಯಿಯ ದಡಕ್ಕೇ ಬಂದು ಸೇರುತ್ತವೆ. ಅವುಗಳಲ್ಲಿ ಸಂದೇಶವನ್ನು ಒಯ್ಯುವ ಗಾಜಿನ ಎಳೆಗೆ ಬಾಧೆಯಿಲ್ಲ. ಆದರೆ ನಡುನಡುವಿನ ವರ್ಧಕಗಳಿಗೆ ವಿದ್ಯುತ್ತನ್ನು ಒಯ್ಯುವ ಲೋಹದ ತಂತಿಯು ಬಿರುಗಾಳಿಯ ಪ್ರಭಾವಕ್ಕೆ ಒಳಗಾಗಬಲ್ಲುದು.

ಎಚ್ಚರಿಕೆಯ ಏರ್ಪಾಡು

ಬಿರುಗಾಳಿಯನ್ನು ತಡೆಯುವುದು ಮನುಷ್ಯನಿಂದ ಆಗದು. ಮುಂಚಿತವಾಗಿ ತಿಳಿದು ಸಿದ್ಧನಾಗುವುದು ಸಾಧ್ಯ. ಭಾರತವು 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟೆಯಿಂದ ಆದಿತ್ಯ-ಎಲ್1 ಎಂಬ ನೌಕೆಯನ್ನು ಹಾರಿಸಿತು. ಕೊಲಾಬದ ಸೂಜಿಯು ಕುಸಿದ ದಿನಕ್ಕೆ ಅಂದಿಗೆ ಸರಿಯಾಗಿ 164 ವರ್ಷಗಳಾಗಿದ್ದುವು. ಅದು 2024ರ ಜನವರಿ 6ರಂದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಸೇರಿತು. ಅದರ 7 ಉಪಕರಣಗಳಲ್ಲಿ ಮುಖ್ಯವಾದ ಪ್ರಭಾವಲಯದರ್ಶಕವನ್ನು ನಿರ್ಮಿಸಿದುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ.

2024ರ ಮೇ 10 ಮತ್ತು 11ರಂದು ಎರಡು ದಶಕಗಳಲ್ಲಿಯೇ ಅತಿ ಪ್ರಬಲವಾದ ಬಿರುಗಾಳಿಯು ಬೀಸಿತು. ಅಂದಿನ ಇಳಿತವು ಸುಮಾರು 400 ನ್ಯಾನೊಟೆಸ್ಲಾ. ಲಡಾಖಿನ ಹಾನ್ಲೆಯಲ್ಲಿರುವ ಕ್ಯಾಮರಾಗಳಲ್ಲಿ ಕೆಂಪು ಪ್ರಭೆಯು ದಾಖಲಾಯಿತು. ನಮ್ಮ ದೇಶದ ಭೂಸ್ಥಿರ ಉಪಗ್ರಹಗಳನ್ನು ನಡೆಸುವ ಹಾಸನದ ನಿಯಂತ್ರಣ ಕೇಂದ್ರವು ಎಚ್ಚರದಿಂದಿದ್ದು, ದೊಡ್ಡ ಹಾನಿಯಿಲ್ಲದೆ ಆ ದಿನಗಳು ಕಳೆದುವು. ಕೊಲಾಬದ ಅಂಕಿಯೊಡನೆ ಇದನ್ನು ಹೋಲಿಸಿ ನೋಡಿದರೆ ಮುಂದೆ ಎಂತಹುದು ಬರಬಹುದೆಂಬುದು ಮನಸ್ಸಿಗೆ ಹೊಳೆಯುವುದು.

ವಿದ್ಯಾರ್ಥಿಮಿತ್ರರೇ, 1859ರಲ್ಲಿ ಗಂಟೆಗೊಮ್ಮೆ ಸೂಜಿಯನ್ನು ನೋಡಿ ಅಂಕಿ ಬರೆಯುತ್ತಿದ್ದವರಿಗೆ ಅದು ಮುಂದೆ ಯಾರಿಗೆ, ಯಾವ ಕೆಲಸಕ್ಕೆ ಒದಗುವುದೆಂದು ತಿಳಿದಿರಲಿಲ್ಲ. ಆಗ ಕೃತಕ ಉಪಗ್ರಹಗಳೇ ಇರಲಿಲ್ಲ. ಆದರೂ ಅವರು ಬರೆದಿಟ್ಟರು. ಪ್ರಯೋಗಶಾಲೆಯಲ್ಲಿ ಕಂಡುದನ್ನು ಕಂಡಂತೆಯೇ, ದಿನಾಂಕ ಮತ್ತು ವೇಳೆಗಳೊಡನೆ ಬರೆದಿಡುವ ಅಭ್ಯಾಸವನ್ನು ನೀವೂ ಬೆಳೆಸಿಕೊಳ್ಳಿರಿ.

ಅಭ್ಯಾಸ

1. 1859ರ ಮೇಘವು 15 ಕೋಟಿ ಕಿಲೋಮೀಟರುಗಳನ್ನು ಹದಿನೇಳೂವರೆ ಗಂಟೆಗಳಲ್ಲಿ ದಾಟಿತು. ಸೆಕೆಂಡಿಗೆ ಅದರ ವೇಗವೆಷ್ಟು?

2. ಸೆಕೆಂಡಿಗೆ 500 ಕಿಲೋಮೀಟರು ವೇಗದ ಮೇಘವೊಂದು ಆದಿತ್ಯ-ಎಲ್1 ಅನ್ನು ದಾಟಿದ ಎಷ್ಟು ನಿಮಿಷಗಳ ಮೇಲೆ ಭೂಮಿಯನ್ನು ಮುಟ್ಟುವುದು? 1ನೆಯ ಪ್ರಶ್ನೆಯ ಮೇಘವಾದರೆ ಎಷ್ಟು ಕಾಲಾವಕಾಶ ದೊರೆಯುವುದು?

3. ವೇಧಶಾಲೆಯನ್ನು ಅಲಿಬಾಗಿಗೆ ಸಾಗಿಸುವಾಗ ಎರಡು ವರ್ಷ ಎರಡೂ ಕಡೆ ಏಕೆ ಅಳೆದರು? ಕಾರಣ ಹೇಳಿರಿ.

4. ಒಂದು ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು, ಬ್ಯಾಟರಿಗೆ ಬಲ್ಬಿನ ಮೂಲಕ ಸೇರಿಸಿದ ತಂತಿಯನ್ನು ಅದರ ಮೇಲೆ ಉತ್ತರ ದಕ್ಷಿಣವಾಗಿ ಹಿಡಿಯಿರಿ. ಸೂಜಿಯು ಎತ್ತ ತಿರುಗುವುದು? ಬ್ಯಾಟರಿಯನ್ನು ತಿರುವಿಟ್ಟರೆ ಏನಾಗುವುದು? ನೋಡಿ ಬರೆಯಿರಿ.