ಎಷ್ಟರಲ್ಲಿ ಎಷ್ಟು? ಸರ್ಕಾರದ ಲೆಕ್ಕ ಕೇಳುವವರಿಗೆ ಹತ್ತು ಸೂತ್ರ

2025ರ ಜೂನ್ ಕೊನೆ. ಹಾಸನದ ಬಸ್ ಸ್ಟ್ಯಾಂಡಿನಿಂದ ಚನ್ನರಾಯಪಟ್ಟಣದ ಟೀ ಅಂಗಡಿಗಳವರೆಗೆ ಒಂದೇ ಪ್ರಶ್ನೆ: 'ಇವತ್ತಿಗೆ ಎಷ್ಟಾಯ್ತು?' ಕೇಳುತ್ತಿದ್ದದ್ದು ಕ್ರಿಕೆಟ್ ಸ್ಕೋರ್ ಅಲ್ಲ, ಹೃದಯಾಘಾತದ ಸಾವು. ಟಿ.ವಿ.ಗಳು ದಿನವೂ ಒಂದೊಂದು ಕೂಡಿಸುತ್ತಾ ಹೋದವು. ಎದೆಯಲ್ಲಿ ಗ್ಯಾಸ್ ತುಂಬಿಕೊಂಡವರೂ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈಯಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 4ಕ್ಕೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಮೂತ್ರಪಿಂಡದ ಕಾಯಿಲೆ, ರಸ್ತೆ ಅಪಘಾತದಂಥವೂ 'ಹೃದಯಾಘಾತ'ದ ಪಟ್ಟಿಗೆ ಸೇರಿಹೋಗಿದ್ದವು. ಉಳಿದ 20ರಲ್ಲಿ 10 ಖಚಿತ, ಇನ್ನು 10 'ಇರಬಹುದು'.

ಆ ಹತ್ತು 'ಇರಬಹುದು'ಗಳು ನನ್ನನ್ನು ಇನ್ನೂ ಬಿಟ್ಟಿಲ್ಲ. ಒಬ್ಬ ಮನುಷ್ಯ ಯಾಕೆ ಸತ್ತ ಅನ್ನುವುದು ಕಾಗದದಲ್ಲಿ ಇಲ್ಲದಿದ್ದರೆ ಯಾವ ಸಮಿತಿ ಬಂದರೂ ಅಷ್ಟೇ. ಗ್ರಾಮ ಪಂಚಾಯಿತಿ ಸದಸ್ಯರಿಗೆ, ಊರಿನ ವರದಿಗಾರರಿಗೆ, ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿರುವ ಹುಡುಗ ಹುಡುಗಿಯರಿಗೆ ಇಲ್ಲಿ ಕೆಲವು ಸೂತ್ರಗಳಿವೆ. ಇವುಗಳಿಂದ ಸಿರಿವಂತರಾಗುವುದಿಲ್ಲ. ಒಂದು ಕಚೇರಿಯಿಂದ ಒಂದು ನಿಜವಾದ ಅಂಕಿ ಹೊರಡಿಸಿದರೆ ಅದೇ ಯಶಸ್ಸು.

1. 'ಎಷ್ಟು' ಎಂದು ಕೇಳಿ ನಿಲ್ಲಿಸಬೇಡಿ, 'ಎಷ್ಟರಲ್ಲಿ' ಎಂದೂ ಕೇಳಿ

24 ಸಾವು ದೊಡ್ಡದೋ ಸಣ್ಣದೋ? ಗೋಡೆಯ ಮೇಲೆ ಇದ್ದಿಲಲ್ಲಿ ಹಾಕುವಂಥ ಒಂದು ಒರಟು ಲೆಕ್ಕ ಹಾಕೋಣ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ವರ್ಷಕ್ಕೆ ಸಾವಿರ ಜನರಲ್ಲಿ ಏಳು ಸಾವು ಎಂದು ಹಿಡಿದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹನ್ನೆರಡು ಸಾವಿರದಷ್ಟು, ತಿಂಗಳಿಗೆ ಸಾವಿರದಷ್ಟು. ದೇಶದಲ್ಲಿ ವೈದ್ಯರು ಕಾರಣ ಬರೆದುಕೊಟ್ಟ ಸಾವುಗಳಲ್ಲಿ, 2020ರ ವರದಿಯಂತೆ, ಸುಮಾರು ಮೂರನೇ ಒಂದು ಪಾಲು ಹೃದಯ ಮತ್ತು ರಕ್ತನಾಳದ ಕಾಯಿಲೆಗಳದ್ದು. ಹಾಗಾದರೆ ಟಿ.ವಿ. ಎಣಿಸಿದ್ದು ಒಟ್ಟು ಸಾವುಗಳ ಸಣ್ಣ ಚೂರು ಮಾತ್ರ.

ಇಷ್ಟು ಹೇಳಿ 'ಹೆದರಬೇಡಿ' ಎಂದು ಎದ್ದುಹೋಗುವುದು ಸರ್ಕಾರದ ಅಭ್ಯಾಸ. ನೀವು ಏಳಬೇಡಿ. ಆ 24 ಜನರಲ್ಲಿ 14 ಮಂದಿ 45 ವರ್ಷದೊಳಗಿನವರು. ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆಯದೇ: ಈ ಜಿಲ್ಲೆಯಲ್ಲಿ ಪ್ರತಿ ಜೂನ್‌ನಲ್ಲಿ 45ರೊಳಗಿನ ಎಷ್ಟು ಮಂದಿ ಇದ್ದಕ್ಕಿದ್ದಂತೆ ಸಾಯುತ್ತಾರೆ? ಆ ಅಂಕಿ ಟೀ ಅಂಗಡಿಯಲ್ಲೂ ಇರಲಿಲ್ಲ, ಟಿ.ವಿ.ಯಲ್ಲೂ ಇರಲಿಲ್ಲ.

ಇನ್ನೊಂದು ಮಾತು. ನಾವು ಭಾಗಿಸಲು ಬಳಸಿದ ಆ 17 ಲಕ್ಷ ಚಿಲ್ಲರೆಯೇ ಹಳೇ ಕಾಲದ್ದು. ಮುಂದಿನ ಜನಗಣತಿಗೆ ಗೊತ್ತುಮಾಡಿರುವ ದಿನ 2027ರ ಮಾರ್ಚ್ 1. ಅಲ್ಲಿಯವರೆಗೆ ಎಲ್ಲ 'ಶೇಕಡಾ'ಗಳನ್ನೂ ಸ್ವಲ್ಪ ಅನುಮಾನದಿಂದಲೇ ನೋಡಿ.

2. ಹೋದ ವರ್ಷದ ಇದೇ ತಿಂಗಳನ್ನು ಪಕ್ಕದಲ್ಲಿಡಿ

ರವೀಂದ್ರನಾಥ್ ಸಮಿತಿಯೂ ಇಂಥದ್ದೊಂದು ಹೋಲಿಕೆ ಮಾಡಿತು. ಹಿಂದಿನ ಅವಧಿಯ ಜೊತೆ ಹೋಲಿಸಿ, ಹೃದಯಾಘಾತ ಏರಿದ್ದು ಕಾಣುವುದಿಲ್ಲ ಎಂದಿತು. ಉದ್ಯೋಗದ ಅಂಕಿಗೂ ಇದೇ ಮದ್ದು. ಮುಂಗಾರಿನ ಮೊದಲ ಮಳೆಗೆ ಆಲೂಗೆಡ್ಡೆ ಬಿತ್ತುವಾಗ ಕೂಲಿಗೆ ಆಳು ಸಿಗುವುದಿಲ್ಲ; ಬೇಸಿಗೆಯಲ್ಲಿ ಆಳಿಗೆ ಕೂಲಿ ಸಿಗುವುದಿಲ್ಲ. ಫೆಬ್ರುವರಿ ಮತ್ತು ಜೂನ್ ಹೋಲಿಸಿ 'ಉದ್ಯೋಗ ಹೆಚ್ಚಿತು' ಎಂದು ಯಾರಾದರೂ ಭಾಷಣ ಮಾಡಿದರೆ, ಹೆಚ್ಚಿಸಿದ್ದು ಮಳೆರಾಯ ಎಂದು ನೆನಪಿಸಿ.

3. ಫಾರಂನ ಬಲಗಡೆ ತುಂಬಿ

ಹತ್ತರಲ್ಲಿ ಒಂದನ್ನೇ ಪಾಲಿಸಿ ಎಂದರೆ ಇದನ್ನು ಆರಿಸುತ್ತೇನೆ.

1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಅದಕ್ಕಿರುವ ನಮೂನೆ 2ಕ್ಕೆ ಎರಡು ಭಾಗ. ಎಡಗಡೆ ಕಾನೂನಿನ ಭಾಗ: ಹೆಸರು, ದಿನಾಂಕ, ಸ್ಥಳ. ಬಲಗಡೆ ಅಂಕಿಅಂಶದ ಭಾಗ. ಸತ್ತವರ ಕಸುಬು ಏನು, ಸಾಯುವ ಮುನ್ನ ಚಿಕಿತ್ಸೆ ಸಿಕ್ಕಿತ್ತೇ, ಬೀಡಿ ಸಿಗರೇಟು ಎಷ್ಟು ವರ್ಷದಿಂದ, ಹೊಗೆಸೊಪ್ಪು ಎಷ್ಟು ವರ್ಷದಿಂದ, ಅಡಿಕೆ, ಕುಡಿತ, ಎಲ್ಲಕ್ಕೂ ಅಲ್ಲಿ ಜಾಗವಿದೆ. ನಮಗೆ ಬೇಕಾಗಿರುವುದು ಪೌತಿ ಖಾತೆಗೆ, ಎಲ್‌ಐಸಿಗೆ ಒಂದು ಮರಣ ಪ್ರಮಾಣಪತ್ರ. ಅದಕ್ಕೆ ಎಡಗಡೆ ಸಾಕು. ಬಲಗಡೆ ಗೀಟು ಎಳೆಯುತ್ತೇವೆ, ಇಲ್ಲವೇ ಗಂಡಸಾದರೆ 'ವ್ಯವಸಾಯ', ಹೆಂಗಸಾದರೆ 'ಮನೆಗೆಲಸ'. ಬೆಂಗಳೂರಿನಲ್ಲಿ ಹತ್ತು ವರ್ಷ ಕ್ಯಾಬ್ ಓಡಿಸಿ ಊರಿಗೆ ಬಂದು ಸತ್ತವನೂ ವ್ಯವಸಾಯಗಾರನೇ.

ಹಾಸನದ ವರದಿ ಬಂದಾಗ ಸತ್ತವರಲ್ಲಿ ಆಟೋ, ಕ್ಯಾಬ್ ಚಾಲಕರು ಗಮನ ಸೆಳೆಯುವಷ್ಟಿದ್ದಾರೆ ಎಂಬ ಮಾತು ಬಂತು. ಕೂತೇ ದುಡಿಮೆ, ನಿದ್ದೆಗೇಡು, ಹೊಗೆ, ಸಾಲದ ಕಂತು, ಯಾವುದು ಎಷ್ಟು? ಈ ಪ್ರಶ್ನೆಗೆ ಉತ್ತರ ಬೇಕಾದರೆ 24 ಜನರ ಕಥೆ ಸಾಲದು, ಸಾವಿರಾರು ಫಾರಂಗಳ ಬಲಗಡೆ ಬೇಕು. ಆರೋಗ್ಯದ ಲೆಕ್ಕವೂ ಉದ್ಯೋಗದ ಲೆಕ್ಕವೂ ಒಂದೇ ಹಾಳೆಯಲ್ಲಿ ಸೇರುವ ಜಾಗ ಅದು. ಅದನ್ನು ಖಾಲಿ ಬಿಟ್ಟವರು ನಾವೇ.

ಸಾವಿನ ಕಾರಣದ ಕಥೆಯೂ ಹೀಗೆಯೇ. ಆಸ್ಪತ್ರೆಯಲ್ಲಿ ಸತ್ತರೆ ವೈದ್ಯರು ನಮೂನೆ 4, ಮನೆಯಲ್ಲಿ ಸತ್ತರೆ ನೋಡಿಕೊಂಡಿದ್ದ ವೈದ್ಯರು 4ಎ ತುಂಬಬೇಕು. 2020ರಲ್ಲಿ ದೇಶದಲ್ಲಿ ನೋಂದಾಯಿತ ಸಾವುಗಳಲ್ಲಿ ಹೀಗೆ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5 ಮಾತ್ರ. ಬಾಕಿಯವಕ್ಕೆ 'ವಯಸ್ಸಾಗಿತ್ತು', 'ಎದೆನೋವು'. ಕೆಲವು ಕಡೆ ವೈದ್ಯರೇ 'ಹೃದಯಸ್ತಂಭನ' ಎಂದು ಗೀಚಿ ಕೈತೊಳೆದುಕೊಳ್ಳುತ್ತಾರೆ. ಹೃದಯ ನಿಲ್ಲದೆ ಸತ್ತವರು ಯಾರಿದ್ದಾರೆ ಸ್ವಾಮಿ? ಸತ್ತ ಬಗೆಯನ್ನಲ್ಲ, ಅದಕ್ಕೆ ಮೂಲವಾದ ಕಾಯಿಲೆಯನ್ನು ಬರೆಯಬೇಕು ಎಂದು ಆ ನಮೂನೆಯ ಸೂಚನೆಯಲ್ಲೇ ಇದೆ. 2023ರ ತಿದ್ದುಪಡಿಯಂತೆ ಈ ಪ್ರಮಾಣಪತ್ರದ ಒಂದು ಪ್ರತಿ ಹತ್ತಿರದ ಬಂಧುವಿಗೆ ಬಿಟ್ಟಿ ಸಿಗಬೇಕು. ದುಃಖದ ಹೊತ್ತಿನಲ್ಲಿ ಇದೆಲ್ಲ ಕೇಳಲಾಗದು, ನಿಜ. ಅದಕ್ಕೇ ನೆರೆಯವರು ಕೇಳಬೇಕು.

4. ಕಾರಣಕ್ಕೆ ಹಾರಬೇಡಿ

ಜುಲೈ ಮೊದಲ ವಾರದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಆತುರದಲ್ಲಿ ಒಪ್ಪಿಗೆ ಪಡೆದ ಕೋವಿಡ್ ಲಸಿಕೆಯೂ ಈ ಸಾವುಗಳಿಗೆ ಕಾರಣವಿರಬಹುದು ಎಂಬರ್ಥದಲ್ಲಿ ಬರೆದರು. ಕೇಂದ್ರ ಆರೋಗ್ಯ ಸಚಿವಾಲಯ ತಕ್ಷಣ ಅಲ್ಲಗಳೆಯಿತು. ಬಳಿಕ ರಾಜ್ಯದ ಸಮಿತಿಯೂ ಲಸಿಕೆಗೂ ಇದಕ್ಕೂ ನಂಟಿಲ್ಲ ಎಂದಿತು.

ಇಲ್ಲಿ ಕಲಿಯಬೇಕಾದ ಕಸುಬೊಂದಿದೆ. ಸತ್ತವರಲ್ಲಿ ಎಷ್ಟು ಜನ ಲಸಿಕೆ ಹಾಕಿಸಿಕೊಂಡಿದ್ದರು ಎಂದು ಕೇಳಿದರೆ ಬಹುಪಾಲು ಎಲ್ಲರೂ ಎಂಬ ಉತ್ತರವೇ ಬರುತ್ತದೆ. ಬದುಕಿರುವವರೂ ಹಾಕಿಸಿಕೊಂಡವರೇ ಅಲ್ಲವೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 18ರಿಂದ 45 ವಯಸ್ಸಿನವರ ದಿಢೀರ್ ಸಾವುಗಳನ್ನು ದೇಶದ 47 ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿದಾಗ 729 ಸಾವುಗಳ ಪಕ್ಕದಲ್ಲಿ 2,916 ಬದುಕಿರುವವರನ್ನು ನಿಲ್ಲಿಸಿತು. ಒಬ್ಬ ಸತ್ತವನಿಗೆ ಅದೇ ವಯಸ್ಸಿನ, ಅದೇ ಸುತ್ತಿನ ನಾಲ್ವರು. ಹಾಗೆ ಹೋಲಿಸಿದಾಗ ಎದ್ದುಕಂಡದ್ದು ಬೇರೆ: ಮನೆತನದಲ್ಲಿ ದಿಢೀರ್ ಸಾವು, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಸಾವಿಗೆ ಎರಡು ದಿನ ಮುಂಚೆ ಮಿತಿಮೀರಿದ ಕುಡಿತ, ವಿಪರೀತ ದೈಹಿಕ ಶ್ರಮ. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು.

5. ಘೋಷಣೆಯ ತಾರೀಖು ಬರೆದಿಟ್ಟುಕೊಳ್ಳಿ

ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಜುಲೈಯಲ್ಲಿ ಹೇಳಿದ್ದು: ಆಸ್ಪತ್ರೆಯ ಹೊರಗಿನ ದಿಢೀರ್ ಸಾವುಗಳನ್ನು ವರದಿ ಮಾಡುವುದು, ಮರಣೋತ್ತರ ಪರೀಕ್ಷೆ ಮಾಡಿಸುವುದು ಕಡ್ಡಾಯ, ಹೃದಯಾಘಾತಕ್ಕೆ ತುರ್ತು ಚಿಕಿತ್ಸೆ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಎಲ್ಲ ತಾಲ್ಲೂಕು ಆಸ್ಪತ್ರೆಗಳಿಗೆ. ಒಳ್ಳೆಯ ಮಾತು. 'ಯೋಜನೆ ಜಾರಿಯಾಗಿದೆಯೇ?' ಎಂದು ಮಾತ್ರ ಕೇಳಬೇಡಿ. 'ಆಗಿದೆ' ಎಂಬ ಉತ್ತರ ಅಚ್ಚಾಗಿಯೇ ಇರುತ್ತದೆ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಈವರೆಗೆ ಅಂಥ ಸಾವು ಎಷ್ಟು ವರದಿಯಾದವು, ಎಷ್ಟಕ್ಕೆ ಮರಣೋತ್ತರ ಪರೀಕ್ಷೆ ಆಯಿತು? ಅರಕಲಗೂಡು ಆಸ್ಪತ್ರೆಯಲ್ಲಿ ಎದೆನೋವೆಂದು ಬಂದ ಎಷ್ಟು ಜನರಿಗೆ ಇಸಿಜಿ ಆಯಿತು, ರಕ್ತದ ಹೆಪ್ಪು ಕರಗಿಸುವ, ಯೋಜನೆಯ ದುಬಾರಿ ಚುಚ್ಚುಮದ್ದು ಎಷ್ಟು ಜನರಿಗೆ ಬಿತ್ತು? ಹೀಗೆ ಕೇಳಿದರೆ 'ಆಗಿದೆ' ಎಂದು ಹೇಳಿ ಪಾರಾಗಲು ಆಗುವುದಿಲ್ಲ.

6. 150 ಪದ, 10 ರೂಪಾಯಿ, ಒಂದೇ ವಿಷಯ

ಮಾಹಿತಿ ಹಕ್ಕಿನ ಅರ್ಜಿಗೆ ಕರ್ನಾಟಕದ ನಿಯಮ ಇಷ್ಟೇ. ಕಾಯ್ದೆಯ ಗಡುವು 30 ದಿನ. ಬರದಿದ್ದರೆ ಮೊದಲ ಮೇಲ್ಮನವಿ, ಆಮೇಲೆ ಮಾಹಿತಿ ಆಯೋಗ. 'ಯಾಕೆ' ಎಂದು ಬರೆದ ಅರ್ಜಿಗೆ ಉತ್ತರ ಬಾರದು; ಕೋಷ್ಟಕ ಕೇಳಿ. ತಿಂಗಳು, ತಾಲ್ಲೂಕು, ವಯಸ್ಸಿನ ಗುಂಪು, ಸಂಖ್ಯೆ. ಸತ್ತವರ ಹೆಸರು ಕೇಳಬೇಡಿ: ನಿಮಗೆ ಬೇಕಿಲ್ಲ, ಅವರಿಗೂ 'ಖಾಸಗಿ ಮಾಹಿತಿ' ಎಂದು ತಿರಸ್ಕರಿಸುವ ನೆಪ ಸಿಗುತ್ತದೆ. 'ನಮ್ಮ ಕಚೇರಿಗೆ ಬರಲ್ಲ ಸಾರ್' ಎಂದರೆ, ಸಂಬಂಧಿಸಿದ ಕಚೇರಿಗೆ ಐದು ದಿನದಲ್ಲಿ ವರ್ಗಾಯಿಸುವುದು ಅವರದೇ ಕೆಲಸ, 6(3)ನೇ ಸೆಕ್ಷನ್.

7. ನಿರುದ್ಯೋಗಿ ಎಂದರೆ ಯಾರು, ಮೊದಲು ಓದಿಕೊಳ್ಳಿ

ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆ 2025ರಿಂದ ತಿಂಗಳಿಗೊಮ್ಮೆ ಬರುತ್ತಿದೆ. ಮೊದಲ ಮಾಸಿಕ ವರದಿಯಂತೆ 2025ರ ಏಪ್ರಿಲ್‌ನಲ್ಲಿ ದೇಶದ ನಿರುದ್ಯೋಗ ಶೇ 5.1. ಕೆಳಗಿನ ಸಣ್ಣಕ್ಷರ ಓದಿ: ಹಿಂದಿನ ಏಳು ದಿನದಲ್ಲಿ ಒಂದು ದಿನ, ಒಂದು ಗಂಟೆ ದುಡಿದಿದ್ದರೂ ಅವನು ಉದ್ಯೋಗಿ. ಬಿ.ಕಾಂ. ಮುಗಿಸಿ ಮಾವನ ಪ್ರಾವಿಷನ್ ಸ್ಟೋರಿನಲ್ಲಿ ಸಂಬಳವಿಲ್ಲದೆ ಪೊಟ್ಟಣ ಕಟ್ಟುವ ಹುಡುಗ ಉದ್ಯೋಗಿ. ಹುಡುಕಿ ಹುಡುಕಿ ಬೇಸತ್ತು ಸುಮ್ಮನಾದ ಹುಡುಗಿ ಉದ್ಯೋಗಿಯೂ ಅಲ್ಲ, ನಿರುದ್ಯೋಗಿಯೂ ಅಲ್ಲ. ಅವಳು ಲೆಕ್ಕದಿಂದಲೇ ಆಚೆ. ಇದು ಮೋಸವಲ್ಲ, ಜಗತ್ತಿನ ಹಲವು ದೇಶಗಳ ವ್ಯಾಖ್ಯಾನವೂ ಇದೇ. ಆದರೆ ವೇದಿಕೆಯ ಮೇಲೆ ಶೇ 5 ಎಂದವರು ಈ ಸಣ್ಣಕ್ಷರ ಓದಿ ಹೇಳುವುದಿಲ್ಲ.

ರಾಜ್ಯದ ನಿರುದ್ಯೋಗ ಭತ್ಯೆಯಾದ ಯುವನಿಧಿಯ ಫಲಾನುಭವಿಗಳ ಸಂಖ್ಯೆಯನ್ನೂ ಹೀಗೇ ಎಚ್ಚರದಿಂದ ಹಿಡಿಯಿರಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾದ ಯೋಜನೆ ತಿಂಗಳಿಗೆ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಕೊಡುತ್ತದೆ. ಪಿಯುಸಿಗೆ ನಿಲ್ಲಿಸಿದವರು ಅದರಲ್ಲಿಲ್ಲ. ಆ ಸಂಖ್ಯೆ ಇಳಿದರೆ ಕೆಲಸ ಸಿಕ್ಕಿತೆಂದಲ್ಲ, ಎರಡು ವರ್ಷ ಮುಗಿದಿದ್ದೂ ಇರಬಹುದು.

8. ಅಂಕಿ ಹೊರಬರದಿದ್ದರೆ ಅದೇ ಸುದ್ದಿ

2019ರ ಜನವರಿಯಲ್ಲಿ ರಾಷ್ಟ್ರೀಯ ಅಂಕಿಅಂಶ ಆಯೋಗದ ಪಿ.ಸಿ. ಮೋಹನನ್ ಮತ್ತು ಜೆ.ವಿ. ಮೀನಾಕ್ಷಿ ರಾಜೀನಾಮೆ ಕೊಟ್ಟರು. ಆಯೋಗ ಒಪ್ಪಿದ ಉದ್ಯೋಗ ವರದಿ ಬಿಡುಗಡೆಯಾಗದ್ದು ಒಂದು ಮುಖ್ಯ ಕಾರಣ. ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ 31ರಂದು ವರದಿ ಹೊರಬಂತು. 2017-18ರಲ್ಲಿ ನಿರುದ್ಯೋಗ ಶೇ 6.1. ತಡವಾದ ತಾರೀಖೂ ಒಂದು ಅಂಕಿಯೇ, ಬರೆದುಕೊಳ್ಳಿ.

9. ತಾಲ್ಲೂಕು ಬಿಡಬೇಡಿ, ಸಭೆ ತಪ್ಪಿಸಬೇಡಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಜಿಲ್ಲೆಗೆ ಬಂದು ನಿಲ್ಲುತ್ತದೆ. ವೈದ್ಯಕೀಯ ಕಾಲೇಜಿರುವ ಹಾಸನ ನಗರವನ್ನೂ ಅರಕಲಗೂಡಿನ ಮೂಲೆಯ ಹಳ್ಳಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಎರಡೂ ಸುಳ್ಳಾಗುತ್ತವೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 35 ಸೂಚಕಗಳಿಂದ ರಾಜ್ಯದ 175 ತಾಲ್ಲೂಕುಗಳನ್ನೂ ಒಂದೊಂದಾಗಿ ತೂಗಿ 114 ಹಿಂದುಳಿದಿವೆ ಎಂದಿತು. ಆ ವರದಿಗೆ ಬಲ ಬಂದದ್ದೇ ತಾಲ್ಲೂಕಿನ ಲೆಕ್ಕದಿಂದ. ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿ ಕಚೇರಿ ತರುವ 'ಅಂಕಿ ಅಂಶಗಳ ನೋಟ' ಪುಸ್ತಕದಲ್ಲಿ ತಾಲ್ಲೂಕುವಾರು ಆಸ್ಪತ್ರೆ, ಹಾಸಿಗೆಗಳ ಲೆಕ್ಕ ಸಿಗುತ್ತದೆ.

ಆ ಹಾಳೆ ಹಿಡಿದು ಗ್ರಾಮಸಭೆಗೆ ಹೋಗಿ. ಯೋಜನೆಗಳ ಪ್ರಗತಿ ನೋಡುವ ಶಾಸಕರ ತಾಲ್ಲೂಕು ಕೆ.ಡಿ.ಪಿ. ಸಭೆಯಲ್ಲಿ, ಸಂಸದರ ದಿಶಾ ಸಭೆಯಲ್ಲಿ ಕೇಳಬೇಕಾದ್ದನ್ನು ಸದಸ್ಯರ ಕೈಗೆ ಮೊದಲೇ ಬರೆದುಕೊಡಿ. ಉದ್ಯೋಗ ಖಾತ್ರಿಯ ಹಾಜರಿಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. 2025ರ ಡಿಸೆಂಬರ್‌ನಲ್ಲಿ ಸಂಸತ್ತು 2005ರ ಕಾಯ್ದೆಯ ಬದಲಿಗೆ 125 ದಿನದ ಹೊಸ ಕಾಯ್ದೆ ತಂದಿದೆ, ಓದಿಸುವ ಅಭ್ಯಾಸ ಮಾತ್ರ ಹಳೆಯದೇ ಇರಲಿ. ಸತ್ತವರ ಹೆಸರು ಕೂಲಿ ಪಟ್ಟಿಯಲ್ಲಿ ಎದ್ದು ಕೂತರೆ ಅದನ್ನು ಮೊದಲು ಗುರುತಿಸುವುದು ಊರಿನ ಕಿವಿಯೇ, ಕಂಪ್ಯೂಟರ್ ಅಲ್ಲ.

10. ಎಣಿಸುವವರನ್ನು ಬೈಯಬೇಡಿ, ಅವರ ಲೆಕ್ಕವನ್ನೂ ಕೇಳಿ

ಬಸುರಿ, ಬಾಣಂತಿ, ಬಿ.ಪಿ., ಸಕ್ಕರೆ ಕಾಯಿಲೆ, ಸಾವು, ಊರಿನ ಇಷ್ಟೂ ಅಂಕಿಗಳು ಹುಟ್ಟುವುದು ಆಶಾ ಕಾರ್ಯಕರ್ತೆಯ ಕೈಚೀಲದ ಪುಸ್ತಕದಲ್ಲಿ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ತಿಂಗಳಿಗೆ 10,000 ರೂಪಾಯಿ ಖಾತ್ರಿಪಡಿಸುವ ಭರವಸೆ ಸಿಕ್ಕ ಮೇಲೆ ಎದ್ದರು. ಸರ್ಕಾರದ ಕಾಗದದಲ್ಲಿ ಆಕೆ ಸ್ವಯಂಸೇವಕಿ, ಸಿಗುವುದು ಗೌರವಧನ. ಸಮೀಕ್ಷೆಯವರು ಬಾಗಿಲಿಗೆ ಬಂದರೆ ಒಂದು ಗಂಟೆಯ ಲೆಕ್ಕದಲ್ಲಿ ಆಕೆ ಉದ್ಯೋಗಿ. ಇಲಾಖೆಯ ನೌಕರರ ಪಟ್ಟಿ ತೆಗೆದರೆ ಆಕೆ ಇಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮುಂದಿನ ಅರ್ಜಿಯ 150 ಪದದಲ್ಲಿ ನಿಮ್ಮ ತಾಲ್ಲೂಕಿನ ಬಗ್ಗೆ ಇದನ್ನೇ ಕೇಳಿ: ಆಶಾ ಹುದ್ದೆ ಎಷ್ಟು, ಖಾಲಿ ಎಷ್ಟು, ಹೋದ ಮೂರು ತಿಂಗಳ ಹಣ ಯಾವ ತಾರೀಖಿಗೆ ಬಂತು.