ಗರ್ಭಕಂಠದ ಕ್ಯಾನ್ಸರ್: ತಪಾಸಣೆ ಮತ್ತು ತಡೆ

ಗರ್ಭಕಂಠದ ಅರ್ಬುದಕ್ಕೆ ಎಚ್‌ಪಿವಿ ಎಂಬ ಹ್ಯೂಮನ್ ಪ್ಯಾಪಿಲೋಮಾ ವೈರಾಣುವೇ ಮೂಲವೆಂದು ತೋರಿಸಿಕೊಟ್ಟ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರಿಗೆ 2008ರಲ್ಲಿ ವೈದ್ಯಕೀಯ ನೊಬೆಲ್ ಸಂದಿತು. ಈ ವೈರಾಣುವಿನ ನೂರಕ್ಕೂ ಮಿಕ್ಕ ಪ್ರಭೇದಗಳಲ್ಲಿ 16 ಮತ್ತು 18 ಎಂಬೆರಡೇ ಸುಮಾರು ಶೇ. 70ರಷ್ಟು ಪ್ರಕರಣಗಳಿಗೆ ಕಾರಣ. ಬಹುಮಂದಿಯ ದೇಹವು ಸೋಂಕನ್ನು ತಾನಾಗಿಯೇ ನಿವಾರಿಸಿಕೊಳ್ಳುವುದಾದರೂ, ಉಳಿದುಕೊಂಡ ಸೋಂಕು ಅರ್ಬುದವಾಗಿ ಬಲಿಯಲು ಸಾಮಾನ್ಯವಾಗಿ 15ರಿಂದ 20 ವರ್ಷಗಳು ಹಿಡಿಯುವುದರಿಂದ, ಆ ದೀರ್ಘಾವಧಿಯೇ ತಪಾಸಣೆಗೆ ದೊರೆತ ಅಮೂಲ್ಯ ಅವಕಾಶವೆಂದು ತಿಳಿಯತಕ್ಕದ್ದು.

ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುವ ಪ್ಯಾಪ್ ಪರೀಕ್ಷೆ ಜಾರ್ಜ್ ಪಾಪನಿಕೊಲಾವ್ ಅವರ ಕೊಡುಗೆ; ವೈರಾಣುವಿನ ಡಿಎನ್‌ಎ ಪರೀಕ್ಷೆ ಅದಕ್ಕಿಂತ ಸೂಕ್ಷ್ಮಗ್ರಾಹಿ. ಪ್ರಯೋಗಾಲಯವಿಲ್ಲದೆಡೆ, ತರಬೇತಿ ಪಡೆದ ದಾದಿಯು ಶೇ. 3ರಿಂದ 5ರ ಅಸಿಟಿಕ್ ಆಮ್ಲದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕಂಠಕ್ಕೆ ಸವರಿ, ಒಂದು ನಿಮಿಷ ಕಾದು, ಬೆಳ್ಳಗಾದ ಭಾಗವುಂಟೋ ಎಂದು ಬರಿಗಣ್ಣಿನಿಂದಲೇ ನೋಡುವ ವಿಐಎ ವಿಧಾನವು ಬಡ ಸ್ತ್ರೀಯರ ಪಾಲಿಗೆ ನಿಜಕ್ಕೂ ಮಹೋಪಕಾರಿಯಾದುದು.

ವಿಶ್ವ ಆರೋಗ್ಯ ಸಂಸ್ಥೆಯು 2020ರ ನವೆಂಬರ್ 17ರಂದು ಸಾರಿದ 90-70-90 ಸೂತ್ರವನ್ನು ಅವಶ್ಯ ನೆನಪಿಡಬೇಕು: 2030ರೊಳಗೆ ಶೇ. 90ರಷ್ಟು ಬಾಲಿಕೆಯರಿಗೆ 15 ವರ್ಷದೊಳಗೆ ಲಸಿಕೆ, ಶೇ. 70ರಷ್ಟು ಸ್ತ್ರೀಯರಿಗೆ 35ರೊಳಗೊಮ್ಮೆ, 45ರೊಳಗೆ ಮತ್ತೊಮ್ಮೆ ತಪಾಸಣೆ, ರೋಗ ಕಂಡ ಶೇ. 90ರಷ್ಟು ಮಂದಿಗೆ ಚಿಕಿತ್ಸೆ. ಭಾರತದ ಪ್ರಥಮ ಸ್ವದೇಶೀ ಎಚ್‌ಪಿವಿ ಲಸಿಕೆಯಾದ ಸರ್ವಾವ್ಯಾಕ್ ಪುಣೆಯ ಸೀರಂ ಸಂಸ್ಥೆಯದು. ಅದು 6, 11, 16, 18ನೆಯ ಪ್ರಭೇದಗಳನ್ನು ತಡೆಯುತ್ತದೆ. ಉಳಿದ ಅಪಾಯಕಾರಿ ಪ್ರಭೇದಗಳೂ ಇರುವುದರಿಂದ ಲಸಿಕೆ ಪಡೆದವರಿಗೂ ತಪಾಸಣೆ ತಪ್ಪದು.